ಕೊಲೆಗಾರರು ಯಾರೆಂದು ಊರಿಗೇ ಗೊತ್ತಿತ್ತು: 1337ರ ಲಂಡನ್‌ನ ಪಾದ್ರಿ ಹತ್ಯೆ ಮತ್ತು ಅಂದಿನ ತನಿಖೆಯ ಬಗೆ

ಸುಮಾರು ಏಳು ಶತಮಾನಗಳ ಹಿಂದೆ ಲಂಡನ್‌ನ ಪೇಟೆಬೀದಿಯಲ್ಲಿ ನಡೆದ ಒಬ್ಬ ಪಾದ್ರಿಯ ಕೊಲೆ 2025ರ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಸುದ್ದಿಯಾಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಸಂಸ್ಥೆಯ ಪ್ರಾಧ್ಯಾಪಕ ಮ್ಯಾನುಯೆಲ್ ಐಸ್ನರ್ ಮತ್ತು ಅವರ ಸಹೋದ್ಯೋಗಿಗಳು ಬೇರೆ ಬೇರೆ ಕಡೆ ಚದುರಿಹೋಗಿದ್ದ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ, ಈ ಹತ್ಯೆಯ ಹಿಂದೆ ಒಬ್ಬ ಶ್ರೀಮಂತ ಮಹಿಳೆಯ ಕೈವಾಡವಿತ್ತೆಂದು ತೋರಿಸಿದ್ದರು. ಪಾದ್ರಿ, ಶ್ರೀಮಂತೆ, ಅನೈತಿಕ ಸಂಬಂಧದ ಆರೋಪ, ನಡುಬೀದಿಯ ಕೊಲೆ ಎಲ್ಲವೂ ಇದ್ದ ಮೇಲೆ ಪತ್ರಿಕೆಗಳು ಬಿಡುತ್ತವೆಯೇ? ಆದರೆ ಸುದ್ದಿ ಓದಿದವರಿಗೆ ಸಹಜವಾಗಿ ಕೆಲವು ಪ್ರಶ್ನೆಗಳು ಉಳಿದವು. ಪೊಲೀಸ್ ಠಾಣೆಯಾಗಲಿ ಮರಣೋತ್ತರ ಪರೀಕ್ಷೆಯಾಗಲಿ ಇಲ್ಲದ ಕಾಲದಲ್ಲಿ ಕೊಲೆಯ ತನಿಖೆ ನಡೆಸುತ್ತಿದ್ದವರು ಯಾರು, ಅದು ಇಷ್ಟು ವಿವರವಾಗಿ ದಾಖಲಾದದ್ದು ಹೇಗೆ, ಮತ್ತು ಹೆಸರುಗಳೆಲ್ಲ ಗೊತ್ತಿದ್ದೂ ಆರೋಪಿಗಳು ತಪ್ಪಿಸಿಕೊಂಡದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಅಂದಿನ ಲಂಡನ್‌ನ ವ್ಯವಸ್ಥೆಯನ್ನು ಮೊದಲಿನಿಂದ ನೋಡಿಕೊಂಡು ಬರಬೇಕು.

ಆ ಸಂಜೆ ಚೀಪ್‌ಸೈಡ್‌ನಲ್ಲಿ

ಮೂರನೆಯ ಎಡ್ವರ್ಡ್ ಇಂಗ್ಲೆಂಡನ್ನು ಆಳುತ್ತಿದ್ದ ಕಾಲ. ಲಂಡನ್ ಆಗ ಕೋಟೆಗೋಡೆಯೊಳಗಿನ ಊರು. ಜನಸಂಖ್ಯೆ ಎಂಬತ್ತು ಸಾವಿರದ ಆಸುಪಾಸಿನಲ್ಲಿತ್ತು ಎಂಬುದು ಇತಿಹಾಸಕಾರರ ಒಂದು ಅಂದಾಜು. ಊರಿನ ಪ್ರಧಾನ ಪೇಟೆಬೀದಿ ವೆಸ್ಟ್‌ಚೀಪ್. ಇಂದು ನಾವು ಅದನ್ನು ಚೀಪ್‌ಸೈಡ್ ಎನ್ನುತ್ತೇವೆ. ಅದರ ಪಶ್ಚಿಮದ ತುದಿಯಲ್ಲಿ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಇತ್ತು. ಅಕ್ಕಸಾಲಿಗರಿಂದ ಹಿಡಿದು ಕುದುರೆ ಜೀನು ಮಾಡುವವರ ತನಕ ಹತ್ತಾರು ಕಸುಬಿನವರ ಅಂಗಡಿಗಳು ಅಲ್ಲಿದ್ದವು.

1337ರ ಮೇ ತಿಂಗಳ ಆರಂಭದ ಒಂದು ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ, ಜಾನ್ ಫೋರ್ಡ್ ಎಂಬ ಪಾದ್ರಿ ಆ ಬೀದಿಯಲ್ಲಿ ನಡೆದುಬರುತ್ತಿದ್ದ. ಹ್ಯಾಸ್ಕಲ್ಫ್ ನೆವಿಲ್ ಎಂಬ ಮತ್ತೊಬ್ಬ ಪಾದ್ರಿ ಅವನಿಗೆ ಎದುರಾಗಿ ಸವಿಮಾತಿನಲ್ಲಿ ಮಾತಿಗೆಳೆದ. ಆ ಮಾತಿನ ಮಧ್ಯೆ ಹ್ಯೂ ಲವೆಲ್ ಎಂಬವನು ಹನ್ನೆರಡು ಅಂಗುಲ ಉದ್ದದ ಕಠಾರಿಯಿಂದ ಫೋರ್ಡ್‌ನ ಕುತ್ತಿಗೆ ಸೀಳಿದ. ಹ್ಯೂ ಕೋಲ್ನ್ ಮತ್ತು ಜಾನ್ ಸ್ಟ್ರಾಂಗ್ ಎಂಬ ಇನ್ನಿಬ್ಬರು ಉದ್ದನೆಯ ಚೂರಿಗಳಿಂದ ಹೊಟ್ಟೆಗೆ ಇರಿದರು.

ಇದು ಯಾವುದೋ ಕತ್ತಲ ಸಂದಿಯಲ್ಲಿ ನಡೆದದ್ದಲ್ಲ. ಇನ್ನೂ ಬೆಳಕಿದ್ದಾಗ, ರಾಜಧಾನಿಯ ಅತಿ ದಟ್ಟಣೆಯ ಬೀದಿಯಲ್ಲಿ, ಕ್ಯಾಥೆಡ್ರಲ್ಲಿಗೆ ಕೂಗಳತೆಯ ದೂರದಲ್ಲಿ ನಡೆದದ್ದು. ಜನ ನೋಡಲೆಂದೇ ಆ ಜಾಗ ಆರಿಸಿಕೊಂಡಿದ್ದರು ಎಂಬುದು ಸಂಶೋಧಕರ ಅಭಿಪ್ರಾಯ. ಒಬ್ಬನನ್ನು ಗುಟ್ಟಾಗಿ ಮುಗಿಸುವುದಷ್ಟೇ ಉದ್ದೇಶವಾಗಿದ್ದರೆ ಇಂಥ ಜಾಗ ಆರಿಸಿಕೊಳ್ಳುವವರು ಯಾರೂ ಇಲ್ಲ.

ಪೊಲೀಸರಿಲ್ಲದ ಊರಿನಲ್ಲಿ ತನಿಖೆ ಯಾರದು?

ಸಂಬಳ ಪಡೆದು ಅಪರಾಧ ಪತ್ತೆ ಮಾಡುವ ಪೊಲೀಸ್ ದಳ ಲಂಡನ್‌ಗೆ ಬಂದದ್ದು ಹಲವು ಶತಮಾನಗಳ ನಂತರ. 1337ರಲ್ಲಿ ಆ ಕೆಲಸದ ಮೊದಲ ಹೊಣೆ ಊರವರದೇ ಆಗಿತ್ತು. ಹೆಣವನ್ನು ಮೊದಲು ಕಂಡವರು ಗಟ್ಟಿಯಾಗಿ ಕೂಗು ಎಬ್ಬಿಸಬೇಕು; ಕೂಗು ಕೇಳಿದ ಪ್ರತಿಯೊಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಆರೋಪಿಯ ಬೆನ್ನಟ್ಟಬೇಕು. 1285ರ ವಿಂಚೆಸ್ಟರ್ ಶಾಸನ ಈ ಪದ್ಧತಿಯನ್ನು ಬಲಪಡಿಸಿತು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಊರ ಹೆಬ್ಬಾಗಿಲು ಮುಚ್ಚಿರಬೇಕೆಂದೂ ರಾತ್ರಿ ಕಾವಲು ಇರಬೇಕೆಂದೂ ಅದೇ ಶಾಸನ ವಿಧಿಸಿತು. ಕೂಗು ಕೇಳಿಯೂ ಸುಮ್ಮನಿದ್ದವರು, ಹೆಣ ಕಂಡೂ ಹೇಳದವರು, ತನಿಖೆಗೆ ಮೊದಲೇ ಹೆಣ ಹೂಳಿದವರು ದಂಡ ತೆರಬೇಕಾಗುತ್ತಿತ್ತು.

ಆಮೇಲೆ ಬರುತ್ತಿದ್ದವನು ಕೊರೋನರ್. ಅನುಮಾನಾಸ್ಪದವಾಗಿ, ಹಠಾತ್ತಾಗಿ ಅಥವಾ ಹಿಂಸೆಯಿಂದ ಆದ ಸಾವುಗಳನ್ನು ವಿಚಾರಿಸಿ ಬರೆದಿಡುವ ಈ ಅಧಿಕಾರಿಯ ಹುದ್ದೆ ಇಂಗ್ಲೆಂಡ್‌ನಲ್ಲಿ 1194ರಲ್ಲಿ, ಮೊದಲನೆಯ ರಿಚರ್ಡ್‌ನ ಆಳ್ವಿಕೆಯಲ್ಲಿ ವಿಧಿವತ್ತಾಗಿ ಆರಂಭವಾಯಿತು. ಲಂಡನ್‌ನಲ್ಲಿ ಈ ವಿಚಾರಣೆಯನ್ನು ಕೊರೋನರ್ ಮತ್ತು ನಗರದ ಷೆರಿಫರು ಕೂಡಿ ನಡೆಸುತ್ತಿದ್ದರು. (ನಮ್ಮ ದೇಶಕ್ಕೂ ಈ ಹುದ್ದೆ ಬ್ರಿಟಿಷರ ಜೊತೆ ಬಂದಿತ್ತು. 1871ರ ಕಾಯ್ದೆಯಂತೆ ಕಲ್ಕತ್ತ ಮತ್ತು ಬಾಂಬೆ ನಗರಗಳಲ್ಲಿ ಕೊರೋನರುಗಳಿದ್ದರು. ಅಲ್ಲಿಯೂ ಈಗ ಆ ಹುದ್ದೆ ಇಲ್ಲ.)

ಕೊರೋನರ್‌ನ ವಿಚಾರಣೆಯನ್ನು ನಮ್ಮಲ್ಲಿ ಪೊಲೀಸರು ಪಂಚರನ್ನು ಕರೆಸಿ ಮಾಡುವ ಶವ ಮಹಜರಿಗೆ ಹೋಲಿಸಬಹುದು. ಹೆಣ ಬಿದ್ದಲ್ಲಿಗೇ ಅಧಿಕಾರಿ ಹೋಗಬೇಕು, ನೆರೆಹೊರೆಯವರು ಕೂಡಬೇಕು, ಕಂಡದ್ದನ್ನು ಎಲ್ಲರೆದುರು ಬರೆಯಬೇಕು. ಬಟ್ಟೆ ಸರಿಸಿ ಮೈಯನ್ನೆಲ್ಲ ನೋಡಿ ಗಾಯ ಎಲ್ಲೆಲ್ಲಿದೆ, ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಎಂಬುದನ್ನು ಅಂಗುಲಗಳಲ್ಲಿ ಅಳೆದು ದಾಖಲಿಸುತ್ತಿದ್ದರು. ಹೆಣವನ್ನು ಮೊದಲು ಕಂಡವರ ಹೆಸರು ಬರೆಯುತ್ತಿದ್ದರು. ಅಕ್ಕಪಕ್ಕದ ನಾಲ್ಕು ಮನೆಗಳವರಿಂದ ಮುಂದೆ ಕರೆದಾಗ ಬರುವುದಾಗಿ ಜಾಮೀನು ಬರೆಸಿಕೊಳ್ಳುತ್ತಿದ್ದರು. ಈ ಬರಹವೆಲ್ಲ ಲ್ಯಾಟಿನ್‌ನಲ್ಲಿ, ಹದಮಾಡಿದ ಚರ್ಮದ ಹಾಳೆಗಳ ಮೇಲೆ ಇರುತ್ತಿತ್ತು. ಹಾಳೆಗಳನ್ನು ಸುರುಳಿ ಸುತ್ತಿ ಇಡುತ್ತಿದ್ದ ಕಾರಣ ಅವುಗಳಿಗೆ ಕೊರೋನರ್ ಸುರುಳಿಗಳು ಎಂದೇ ಹೆಸರು. ಲಂಡನ್‌ನ ಹದಿನಾಲ್ಕನೆಯ ಶತಮಾನದ ಎಲ್ಲ ವರ್ಷಗಳ ಸುರುಳಿಗಳು ಉಳಿದಿಲ್ಲವಾದರೂ ಫೋರ್ಡ್ ಸತ್ತ ವರ್ಷದ್ದು ನಮ್ಮ ಅದೃಷ್ಟಕ್ಕೆ ಉಳಿದಿದೆ.

ಇಷ್ಟೊಂದು ಮುತುವರ್ಜಿಗೆ ಸತ್ತವನ ಮೇಲಿನ ಕರುಣೆಯೇ ಕಾರಣವೆಂದುಕೊಳ್ಳಬೇಕಿಲ್ಲ. ಘೋರಾಪರಾಧಿಯ ಚರಸ್ವತ್ತು ರಾಜನ ಬೊಕ್ಕಸಕ್ಕೆ ಸೇರಬೇಕಿತ್ತು. ಆಕಸ್ಮಿಕ ಸಾವಾದರೆ ಅದಕ್ಕೆ ಕಾರಣವಾದ ಗಾಡಿ, ಕುದುರೆ, ಕೊಪ್ಪರಿಗೆ ಯಾವುದಾದರೂ ಸರಿ, ಅದೂ ಅಥವಾ ಅದರ ಬೆಲೆಯೂ ರಾಜನಿಗೆ ಸಲ್ಲಬೇಕಿತ್ತು. ಇಂಗ್ಲೆಂಡ್ ಈ ವಿಚಿತ್ರ ನಿಯಮವನ್ನು ಕೈಬಿಟ್ಟದ್ದು 1846ರಲ್ಲಿ. ಹೀಗಾಗಿ ಸುರುಳಿಗಳಲ್ಲಿ ಗಾಯದ ಅಳತೆಯ ಜೊತೆಗೇ ವಸ್ತುಗಳ ಬೆಲೆಯೂ ಕಾಣಸಿಗುತ್ತದೆ. ಅಪರಾಧದ ಇತಿಹಾಸ ಬರೆಯುವವರು ಲೆಕ್ಕದ ಗುಮಾಸ್ತರಿಗೆ ಋಣಿಗಳಾಗಿರಬೇಕಾದ ಸಂದರ್ಭ ಇದೊಂದೇ ಅಲ್ಲ.

ಜೂರಿಯೇ ಸಾಕ್ಷಿ

ಜೂರಿ ಎಂದರೆ ಪ್ರಮಾಣ ಮಾಡಿ ನಿರ್ಣಯ ಹೇಳುವ ಸಾಮಾನ್ಯ ಜನರ ಗುಂಪು. ಇಂದು ಜೂರಿ ಇರುವ ನ್ಯಾಯಾಲಯಗಳಲ್ಲಿ ಅದರ ಸದಸ್ಯರಿಗೆ ಪ್ರಕರಣದ ಬಗ್ಗೆ ಮೊದಲೇ ಏನೂ ಗೊತ್ತಿರಬಾರದು. ಹದಿನಾಲ್ಕನೆಯ ಶತಮಾನದಲ್ಲಿ ನಿಯಮ ಇದಕ್ಕೆ ತಿರುಗುಮುರುಗಾಗಿತ್ತು. ಘಟನೆ ನಡೆದ ವಾರ್ಡಿನ ಮತ್ತು ಸುತ್ತಲಿನ ವಾರ್ಡುಗಳ ಗಂಡಸರನ್ನು ಜೂರಿಗೆ ಕರೆಯುತ್ತಿದ್ದುದೇ ಅವರಿಗೆ ವಿಷಯ ಗೊತ್ತಿರುತ್ತದೆ ಎಂಬ ಕಾರಣಕ್ಕೆ. ಕಂಡದ್ದು, ಕೇಳಿದ್ದು, ಬೀದಿಯಲ್ಲಿ ಜನ ಆಡಿಕೊಳ್ಳುತ್ತಿದ್ದುದು ಎಲ್ಲವನ್ನೂ ತೂಗಿ ನೋಡಿ, ಇಂಥವರು ಇಂಥ ಆಯುಧದಿಂದ ಇಂಥ ಜಾಗಕ್ಕೆ ಇರಿದರು ಎಂದು ಪ್ರಮಾಣ ಮಾಡಿ ಹೇಳುವುದು ಅವರ ಕೆಲಸ. ಅಂದರೆ ಪತ್ತೇದಾರ, ಸಾಕ್ಷಿ ಮತ್ತು ನಿರ್ಣಾಯಕ ಈ ಮೂರೂ ಪಾತ್ರಗಳು ಒಂದೇ ಗುಂಪಿನಲ್ಲಿ ಕೂಡಿಕೊಂಡಿದ್ದವು.

ಜನ ಒತ್ತೊತ್ತಾಗಿ ಬಾಳುತ್ತಿದ್ದ, ಎಲ್ಲರಿಗೂ ಎಲ್ಲರ ಪರಿಚಯವಿದ್ದ ಊರಿನಲ್ಲಿ ಈ ವಿಧಾನ ಬಹುಮಟ್ಟಿಗೆ ಕೆಲಸ ಮಾಡುತ್ತಿತ್ತು. ಕೊಲೆಗಾರನ ಹೆಸರಿಲ್ಲದ ದಾಖಲೆಗಳಿಗಿಂತ ಹೆಸರಿರುವ ದಾಖಲೆಗಳೇ ಹೆಚ್ಚು. ಆದರೆ ಜೂರಿ ಎಡವಿದರೆ ಏನಾಗಬಹುದು ಎಂಬುದಕ್ಕೆ ಇದೇ ಚೀಪ್‌ಸೈಡ್‌ನಲ್ಲಿ 1284ರಲ್ಲಿ ನಡೆದ ಪ್ರಕರಣವೊಂದಿದೆ. ಲಾರೆನ್ಸ್ ಡಕೆಟ್ ಎಂಬ ಅಕ್ಕಸಾಲಿಗ ರಾಲ್ಫ್ ಕ್ರೆಪಿನ್ ಎಂಬವನನ್ನು ಗಾಯಗೊಳಿಸಿ, ಬೀದಿಯಲ್ಲೇ ಇದ್ದ ಸೇಂಟ್ ಮೇರಿ ಲಿ ಬೋ ಚರ್ಚಿನಲ್ಲಿ ಆಶ್ರಯ ಪಡೆದ. ಕೆಲವೇ ದಿನಗಳಲ್ಲಿ ಅವನ ಹೆಣ ಚರ್ಚಿನೊಳಗೆ ನೇತಾಡುತ್ತಿರುವುದು ಕಂಡುಬಂತು. ಜೂರಿ ಅದನ್ನು ಆತ್ಮಹತ್ಯೆ ಎಂದಿತು. ಆತ್ಮಹತ್ಯೆ ಆಗ ಮಹಾಪಾಪವೂ ಅಪರಾಧವೂ ಆಗಿದ್ದರಿಂದ ಹೆಣವನ್ನು ಎಳೆದೊಯ್ದು ಊರ ಹೊರಗಿನ ಹಳ್ಳದಲ್ಲಿ ಹೂಳಿದರು. ಆ ರಾತ್ರಿ ಡಕೆಟ್‌ನ ಜೊತೆ ಚರ್ಚಿನಲ್ಲೇ ಇದ್ದು ಅವಿತುಕೊಂಡಿದ್ದ ಹುಡುಗನೊಬ್ಬ ಮುಂದೆ ನಿಜ ಹೇಳಿದ: ಕ್ರೆಪಿನ್ ಕಡೆಯವರು ನುಗ್ಗಿ ಬಂದು ಡಕೆಟ್‌ನನ್ನು ಕೊಂದು ನೇಣು ಹಾಕಿದ್ದರು. ಆಮೇಲೆ ಹಲವರನ್ನು ಗಲ್ಲಿಗೇರಿಸಲಾಯಿತು; ಸಂಚಿನಲ್ಲಿದ್ದಳೆಂದು ಆಲಿಸ್ ಅಟ್ಟೆ ಬೋ ಎಂಬ ಹೆಂಗಸನ್ನು ಸುಡಲಾಯಿತು. ಜೂರಿಗೆ ನಿಜಕ್ಕೂ ಗೊತ್ತಿರಲಿಲ್ಲವೋ ಅಥವಾ ಗೊತ್ತಿದ್ದೂ ಹೇಳಲಿಲ್ಲವೋ ಎಂಬ ಅನುಮಾನ ಇಂಥ ಪ್ರಕರಣಗಳಲ್ಲಿ ಸದಾ ಇರುತ್ತದೆ. ಫೋರ್ಡ್ ಪ್ರಕರಣದ ಕಗ್ಗಂಟು ಇರುವುದೂ ಅಲ್ಲೇ.

ಎಲಾ ಫಿಟ್ಜ್‌ಪೇನ್ ಮತ್ತು ಪಾದ್ರಿಯ ಹಳೆಯ ಲೆಕ್ಕ

ಫೋರ್ಡ್‌ನ ಹೆಣದ ವಿಚಾರಣೆಗೆ ಕೂತ ಜೂರಿಯಲ್ಲಿ 33 ಮಂದಿಯಿದ್ದರು. ಅವರು ದಾಳಿ ಮಾಡಿದವರ ಹೆಸರುಗಳನ್ನು ಹೇಳಿದ್ದಷ್ಟೇ ಅಲ್ಲ, ಇದನ್ನು ಮಾಡಿಸಿದವಳು ಎಲಾ ಫಿಟ್ಜ್‌ಪೇನ್ ಎಂದೂ ಹೇಳಿದರು. ಕತ್ತು ಸೀಳಿದ ಹ್ಯೂ ಲವೆಲ್ ಅವಳ ಸ್ವಂತ ಸಹೋದರ. ಹೊಟ್ಟೆಗೆ ಇರಿದ ಇಬ್ಬರು ಅವಳ ಮನೆಯಲ್ಲಿ ಕೆಲಸಕ್ಕಿದ್ದವರು. ಹೀಗಿರುವಾಗ ಇಂದಿನ ಪತ್ರಿಕೆಗಳು ಇದನ್ನು ಸುಪಾರಿ ಕೊಲೆ ಎಂದದ್ದು ಅರ್ಧ ಸರಿ. ಹಣ ಪಡೆದು ಕೊಂದವರಿಗಿಂತ ಮನೆತನದ ಋಣಕ್ಕೆ ಕತ್ತಿ ಎತ್ತಿದವರೇ ಇಲ್ಲಿ ಕಾಣುತ್ತಾರೆ.

ಎಲಾಳ ಗಂಡ ಸರ್ ರಾಬರ್ಟ್ ಫಿಟ್ಜ್‌ಪೇನ್ ನೈರುತ್ಯ ಇಂಗ್ಲೆಂಡ್‌ನ ದೊಡ್ಡ ಜಮೀನುದಾರ. ಡಾರ್ಸೆಟ್ ಪ್ರಾಂತದಲ್ಲಿರುವ ಅವರ ಮನೆತನದ ಹಳ್ಳಿ ಓಕ್‌ಫರ್ಡ್ ಫಿಟ್ಜ್‌ಪೇನ್. ಫೋರ್ಡ್ ಅಲ್ಲಿನ ಚರ್ಚಿನ ಪಾದ್ರಿಯಾಗಿದ್ದ. ಆಗ ಪಾದ್ರಿ ಮತ್ತು ಜಮೀನುದಾರರ ನಡುವೆ ಎಂಥ ಒಡನಾಟವಿತ್ತು ಎಂಬುದಕ್ಕೆ 1322ರ ಒಂದು ಸರ್ಕಾರಿ ದಾಖಲೆ ಸಾಕ್ಷಿ. ಗಂಡ, ಹೆಂಡತಿ ಮತ್ತು ಈ ಪಾದ್ರಿ ಮೂವರೂ ಕೂಡಿ ತಂಡ ಕಟ್ಟಿಕೊಂಡು, ಫ್ರಾನ್ಸಿನ ಮಠವೊಂದಕ್ಕೆ ಸೇರಿದ ಬೆನೆಡಿಕ್ಟೈನ್ ಪಂಗಡದ ಕ್ರೈಸ್ತ ಸನ್ಯಾಸಿಗಳ ಶಾಖಾಮಠದ ಮೇಲೆ ದಾಳಿ ಮಾಡಿದರೆಂದು ಅದು ಆರೋಪಿಸುತ್ತದೆ. ಬಾಗಿಲು ಮುರಿದು, ಮರ ಕಡಿದು, 18 ಎತ್ತು, 30 ಹಂದಿ ಮತ್ತು ಇನ್ನೂರರಷ್ಟು ಕುರಿಗಳನ್ನು ರಾಬರ್ಟ್‌ನ ಕೋಟೆಗೆ ಹೊಡೆದುಕೊಂಡು ಹೋದರಂತೆ. ಇಂಗ್ಲೆಂಡ್ ಮತ್ತು ಫ್ರಾನ್ಸ್‌ನ ಸಂಬಂಧ ಹದಗೆಡುತ್ತಿದ್ದ ಕಾಲದಲ್ಲಿ ಫ್ರೆಂಚರ ಮಠವನ್ನು ದೋಚುವುದಕ್ಕೆ ಜನಬೆಂಬಲವೂ ಸುಲಭವಾಗಿ ಸಿಕ್ಕಿರಬಹುದು.

ಹತ್ತು ವರ್ಷಗಳಲ್ಲಿ ಈ ಒಡನಾಟ ತಲೆಕೆಳಗಾಯಿತು. 1332ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸೈಮನ್ ಮೆಪಮ್ ವಿಂಚೆಸ್ಟರ್‌ನ ಬಿಷಪ್‌ಗೆ ಬರೆದ ಪತ್ರವೊಂದು, ಎಲಾ ನೈಟ್‌ಗಳೊಡನೆ, ಮದುವೆಯಾದವರೊಡನೆ, ಆಗದವರೊಡನೆ, ದೀಕ್ಷೆ ಪಡೆದ ಪಾದ್ರಿಗಳೊಡನೆ ಕೂಡ ಸಂಬಂಧ ಇಟ್ಟುಕೊಂಡಿದ್ದಾಳೆಂದು ಆರೋಪಿಸಿ, ಒಬ್ಬ ಪ್ರಿಯಕರನ ಹೆಸರನ್ನು ಮಾತ್ರ ಹೇಳುತ್ತದೆ. ಆ ಹೆಸರು ಜಾನ್ ಫೋರ್ಡ್.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಅಂದಿನ ಇಂಗ್ಲೆಂಡ್‌ನಲ್ಲಿ ನ್ಯಾಯದ ಕಟ್ಟೆಗಳು ಎರಡಿದ್ದವು. ಕೊಲೆ, ದರೋಡೆಗಳು ರಾಜನ ನ್ಯಾಯಾಲಯಕ್ಕೆ ಸೇರಿದವು. ಮದುವೆ, ಉಯಿಲು, ವ್ಯಭಿಚಾರದಂಥವು ಚರ್ಚಿನ ನ್ಯಾಯಾಲಯಕ್ಕೆ. ಚರ್ಚು ಯಾರನ್ನೂ ಗಲ್ಲಿಗೇರಿಸುತ್ತಿರಲಿಲ್ಲ. ಅದರ ಕೈಯಲ್ಲಿದ್ದ ಅಸ್ತ್ರಗಳು ಪ್ರಾಯಶ್ಚಿತ್ತ ಮತ್ತು ಬಹಿಷ್ಕಾರ. ಎಲಾಳಿಗೆ ವಿಧಿಸಿದ ಪ್ರಾಯಶ್ಚಿತ್ತ ಹೀಗಿತ್ತು: ಏಳು ವರ್ಷಗಳ ಕಾಲ ಪ್ರತಿ ಶರತ್ಕಾಲದಲ್ಲಿ ಸಾಲ್ಸ್‌ಬರಿ ಕ್ಯಾಥೆಡ್ರಲ್‌ನಲ್ಲಿ, ನಾಲ್ಕು ಪೌಂಡ್ ತೂಕದ ಮೇಣದಬತ್ತಿ ಹಿಡಿದು, ಬರಿಗಾಲಿನಲ್ಲಿ ಮುಖ್ಯ ಅಂಕಣದ ಉದ್ದಕ್ಕೂ ನಡೆಯಬೇಕು. ಚಿನ್ನ, ಮುತ್ತು, ರತ್ನ ತೊಡಬಾರದು. ಸನ್ಯಾಸಿಗಳಿಗೂ ಬಡವರಿಗೂ ಹಣ ಹಂಚಬೇಕು. ಡಾರ್ಸೆಟ್ ಸೀಮೆ ಆಗ ಸಾಲ್ಸ್‌ಬರಿಯ ಬಿಷಪ್‌ನ ವ್ಯಾಪ್ತಿಯಲ್ಲಿದ್ದುದರಿಂದ ಆ ಕ್ಯಾಥೆಡ್ರಲ್ಲೇ ನಿಗದಿಯಾದದ್ದು ಸಹಜ. ಆದರೆ ಅಲ್ಲಿ ಸೇರುವ ಜನ ಅವಳನ್ನು ಬಲ್ಲ ಜನ, ಅವಳ ಮಟ್ಟದ ಮನೆತನಗಳವರು ಎಂಬುದನ್ನು ಮರೆಯಬಾರದು. ಮುಖ ತೋರಿಸಲಾಗದಂತೆ ಮಾಡುವುದೇ ಆ ಶಿಕ್ಷೆಯ ತಿರುಳು.

ಎಲಾ ಅದನ್ನು ಪಾಲಿಸಿದಂತೆ ಕಾಣುವುದಿಲ್ಲ. ಅವಳು ಲಂಡನ್ ಬಳಿ ಥೇಮ್ಸ್ ನದಿಯ ದಕ್ಷಿಣ ದಡದ ರಾದರ್‌ಹೈತ್‌ನಲ್ಲಿ ಅಡಗಿದ್ದಳೆಂದು ಪತ್ರ ಹೇಳುತ್ತದೆ. ಆ ದಡ ವಿಂಚೆಸ್ಟರ್ ಬಿಷಪ್‌ಗೆ ಸೇರಿದ್ದು, ಪತ್ರ ಅವರಿಗೆ ಹೋದದ್ದೂ ಅದಕ್ಕೇ. ಕೊನೆಗೆ ಅವಳನ್ನು ಚರ್ಚಿನಿಂದ ಬಹಿಷ್ಕರಿಸಲಾಯಿತು. ಫೋರ್ಡ್‌ಗೆ ಏನು ಶಿಕ್ಷೆಯಾಯಿತು ಎಂಬುದರ ಸುಳಿವು ಮಾತ್ರ ಈ ಕಡತಗಳಲ್ಲಿ ಸಿಗುವುದಿಲ್ಲ. ಆರ್ಚ್‌ಬಿಷಪ್‌ಗೆ ಇದನ್ನೆಲ್ಲ ಹೇಳಿದವನು ಫೋರ್ಡ್‌ನೇ ಇರಬಹುದು, ತಾನು ಪಾರಾಗಲು ಅವಳನ್ನು ಸಿಕ್ಕಿಸಿರಬಹುದು ಎಂದು ಐಸ್ನರ್ ಊಹಿಸುತ್ತಾರೆ. ಊಹೆ ಸಮಂಜಸವಾಗಿದೆ, ಆದರೆ ಊಹೆಯೇ. ದಾಖಲೆಗಳಿಂದ ಖಚಿತವಾಗುವುದು ಇಷ್ಟು: ಪತ್ರಕ್ಕೂ ಕೊಲೆಗೂ ನಡುವೆ ಐದು ವರ್ಷಗಳ ಅಂತರವಿದೆ, ಮತ್ತು ಜೂರಿಯ ಪ್ರಕಾರ ಮಾಡಿಸಿದವಳು ಎಲಾ.

ಹೆಸರು ಗೊತ್ತಿದ್ದೂ ಕೈಗೆ ಸಿಗದವರು

ಕೊರೋನರ್‌ನ ವಿಚಾರಣೆ ಶಿಕ್ಷೆ ವಿಧಿಸುವ ವಿಚಾರಣೆಯಾಗಿರಲಿಲ್ಲ. ಅಲ್ಲಿ ಹೆಸರಿಸಲ್ಪಟ್ಟವನನ್ನು ಹಿಡಿದು ತರಬೇಕಾದವನು ಷೆರಿಫ್. ಆಮೇಲೆ ರಾಜನ ನ್ಯಾಯಾಧೀಶರ ಮುಂದೆ, ಬೇರೊಂದು ಜೂರಿಯ ಎದುರು, ಬೇರೆಯೇ ವಿಚಾರಣೆ ನಡೆಯಬೇಕು. ಈ ಎರಡು ಹಂತಗಳ ನಡುವೆ ಜಾರಿಕೊಳ್ಳಲು ದಾರಿಗಳು ಹಲವಿದ್ದವು.

ಅತ್ಯಂತ ಸರಳವಾದದ್ದು ಓಡಿಹೋಗುವುದು. ಕರೆದಾಗ ಬಾರದವನನ್ನು, ಸಾಲಾಗಿ ಹಲವು ಸಲ ನ್ಯಾಯಸಭೆಗಳಲ್ಲಿ ಹೆಸರು ಕೂಗಿದ ಮೇಲೆ, ಕಾನೂನಿನ ರಕ್ಷಣೆಯಿಂದ ಹೊರಗಿಡುತ್ತಿದ್ದರು. ಎರಡನೆಯದು ಡಕೆಟ್ ಮಾಡಿದಂತೆ ಚರ್ಚಿನೊಳಗೆ ಹೊಕ್ಕುಬಿಡುವುದು. ಅಲ್ಲಿಂದ ಯಾರನ್ನೂ ಬಲವಂತವಾಗಿ ಎಳೆಯುವಂತಿರಲಿಲ್ಲ. ನಲವತ್ತು ದಿನಗಳೊಳಗೆ ಕೊರೋನರ್‌ನ ಮುಂದೆ ತಪ್ಪೊಪ್ಪಿಕೊಂಡರೆ, ಶಿಲುಬೆ ಹಿಡಿದು ಗೊತ್ತುಪಡಿಸಿದ ಬಂದರಿಗೆ ನಡೆದುಹೋಗಿ ದೇಶವನ್ನೇ ಬಿಟ್ಟುಹೋಗುವ ಅವಕಾಶವಿತ್ತು. ಜೀವ ಉಳಿಯುತ್ತಿತ್ತು, ಸ್ವತ್ತು ಹೋಗುತ್ತಿತ್ತು. ಮೂರನೆಯದು ದೀಕ್ಷೆ ಪಡೆದವರಿಗೆ ಮೀಸಲು: ರಾಜನ ನ್ಯಾಯಾಲಯದಲ್ಲಿ ಸಿಕ್ಕಿಬಿದ್ದರೂ ಅವರನ್ನು ಬಿಷಪ್‌ನ ವಶಕ್ಕೆ ಒಪ್ಪಿಸಬೇಕಾಗಿದ್ದುದರಿಂದ ಗಲ್ಲಿನ ಭಯ ಇರುತ್ತಿರಲಿಲ್ಲ. ಮಾತಿಗೆಳೆದ ನೆವಿಲ್‌ನಂಥವನಿಗೆ ಈ ರಕ್ಷೆ ಇದ್ದೇ ಇತ್ತು.

ವಿಚಾರಣೆಯವರೆಗೆ ಬಂದವರಲ್ಲೂ ಬಹಳ ಮಂದಿ ಬಿಡುಗಡೆಯಾಗುತ್ತಿದ್ದರು. ಕಾರಣ, ಹಟಾತ್ ಸಿಟ್ಟಿನಲ್ಲಿ ಮಾಡಿದ ಹತ್ಯೆಗೂ ಹೊಂಚು ಹಾಕಿ ಮಾಡಿದ ಕೊಲೆಗೂ ಶಿಕ್ಷೆಯಲ್ಲಿ ಇಂದಿನಂಥ ಭೇದ ಆಗ ರೂಪುಗೊಂಡಿರಲಿಲ್ಲ. ಅಪರಾಧ ಸಾಬೀತಾದರೆ ನೇಣು, ಇಲ್ಲವಾದರೆ ಬಿಡುಗಡೆ. ಹೆಂಡದಂಗಡಿಯ ಜಗಳದಲ್ಲಿ ಕೈಮೀರಿದ ನೆರೆಯವನನ್ನು ಗಲ್ಲಿಗೆ ಕಳಿಸಲು ಜೂರಿಯವರ ಮನಸ್ಸು ಒಪ್ಪುತ್ತಿರಲಿಲ್ಲ.

ಫೋರ್ಡ್‌ನ ಪ್ರಕರಣ ಈ ಯಾವ ರೂಢಿಯ ದಾರಿಗೂ ಸರಿಯಾಗಿ ಹೊಂದುವುದಿಲ್ಲ. ಹೊಂಚು ಹಾಕಿದ ಕೊಲೆ ಎಂಬುದರಲ್ಲಿ ಅನುಮಾನವಿಲ್ಲ. ಜೂರಿ ಎಲ್ಲವನ್ನೂ ಬಲ್ಲದು. ಆದರೆ ಆರೋಪಿಗಳು ಎಲ್ಲಿಗೆ ಹೋದರು ಎಂಬ ಪ್ರಶ್ನೆ ಬಂದ ಕೂಡಲೇ ಆ 33 ಮಂದಿಗೂ ಏನೂ ತಿಳಿಯದಾಗುತ್ತದೆ. ದೊಡ್ಡ ಜಮೀನುದಾರರ ಮನೆಯವನಾದ ಲವೆಲ್‌ನ ಬಳಿ ಮುಟ್ಟುಗೋಲು ಹಾಕಿಕೊಳ್ಳುವಂಥ ಸ್ವತ್ತೇ ಇಲ್ಲ ಎಂದು ಅವರು ಹೇಳುತ್ತಾರೆ. ಇದನ್ನು ನಂಬುವುದು ಕಷ್ಟ. ಬಲಾಢ್ಯರ ಮನೆಯವರು ಎಂದ ಮೇಲೆ ಕಣ್ಣು ಮುಚ್ಚಿಕೊಂಡ ಜೂರಿ ಇದು ಎಂಬುದೇ ಸಂಶೋಧಕರ ನಿರ್ಣಯ, ದಾಖಲೆಯ ಮಾತುಗಳನ್ನು ಓದಿದರೆ ನನಗೂ ಹಾಗೆಯೇ ಅನ್ನಿಸುತ್ತದೆ. ಆದರೂ ಅವರು ಎಲಾಳ ಹೆಸರನ್ನು ಬರೆಸಿದರು ಎಂಬುದು ಗಮನಿಸಬೇಕಾದ ಅಂಶ. ಹೆದರಿಕೆಯೇ ಪೂರ್ಣ ಕಾರಣವಾಗಿದ್ದರೆ ಆ ಹೆಸರು ಸುರುಳಿಗೆ ಏರುತ್ತಲೇ ಇರಲಿಲ್ಲ.

ಒಂದು ಕೊಲೆಯಿಂದ ಊರಿನ ನಕ್ಷೆಗೆ

ಈ ಪ್ರಕರಣ ಬೆಳಕಿಗೆ ಬಂದದ್ದು ದೊಡ್ಡದೊಂದು ಕೆಲಸದ ಭಾಗವಾಗಿ. ಐಸ್ನರ್ ತಂಡ ಲಂಡನ್, ಯಾರ್ಕ್ ಮತ್ತು ಆಕ್ಸ್‌ಫರ್ಡ್ ನಗರಗಳ ಹದಿನಾಲ್ಕನೆಯ ಶತಮಾನದ 354 ಕೊಲೆಗಳನ್ನು ಕೊರೋನರ್ ದಾಖಲೆಗಳಿಂದ ಆಯ್ದು ನಕ್ಷೆಯ ಮೇಲೆ ಗುರುತಿಸಿ ಅಂತರ್ಜಾಲದಲ್ಲಿ ಇಟ್ಟಿದೆ. ಲಂಡನ್‌ನಲ್ಲಿ ಕೊಲೆಗಳು ದಟ್ಟವಾಗಿರುವ ಜಾಗಗಳಲ್ಲಿ ಚೀಪ್‌ಸೈಡ್ ಮುಖ್ಯವಾದದ್ದು. ಹೊತ್ತು ನೋಡಿದರೆ ಸಂಜೆ, ವಾರ ನೋಡಿದರೆ ಭಾನುವಾರ. ರಜೆ, ಕುಡಿತ ಮತ್ತು ಸೊಂಟದಲ್ಲಿ ಸದಾ ಇರುತ್ತಿದ್ದ ಚೂರಿ ಮೂರೂ ಸೇರಿದ ಫಲ ಅದು. ಅಂದಿನ ಪ್ರಮಾಣ ಇಂದಿನ ಇಂಗ್ಲಿಷ್ ನಗರಗಳಿಗಿಂತ ಬಹುಪಟ್ಟು ಹೆಚ್ಚಿತ್ತು. ಆದರೆ ಇಂದು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಮನೆಗೆ ಕಳಿಸುವಂಥ ಎಷ್ಟೋ ಗಾಯಗಳು ಆಗ ಕೀವುಗಟ್ಟಿ ಜೀವ ತೆಗೆಯುತ್ತಿದ್ದವು ಎಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಅಚ್ಚರಿ ಹುಟ್ಟಿಸುವುದು ಆಕ್ಸ್‌ಫರ್ಡ್. ಸುಮಾರು ಏಳು ಸಾವಿರ ಜನರ, ಅವರಲ್ಲಿ ಸಾವಿರದೈನೂರರಷ್ಟು ವಿದ್ಯಾರ್ಥಿಗಳೇ ಇದ್ದ ಆ ಊರಿನಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ 60ರಿಂದ 75 ಕೊಲೆಗಳ ಪ್ರಮಾಣವಿತ್ತೆಂದು ತಂಡ ಅಂದಾಜು ಮಾಡಿದೆ. ಅದು ಲಂಡನ್ ಮತ್ತು ಯಾರ್ಕ್‌ಗಿಂತ ನಾಲ್ಕೈದು ಪಟ್ಟು ಹೆಚ್ಚು. ಹಿನ್ನೆಲೆ ತಿಳಿದಿರುವ ಆರೋಪಿಗಳಲ್ಲಿ ಮುಕ್ಕಾಲು ಪಾಲು ವಿದ್ಯಾರ್ಥಿಗಳು ಅಥವಾ ವಿದ್ಯಾಪೀಠಕ್ಕೆ ಸೇರಿದವರು. ಅವರಿಗೂ ನೆವಿಲ್‌ಗೆ ಇದ್ದಂಥದೇ ಚರ್ಚಿನ ರಕ್ಷೆ ಇತ್ತು.

ಫೋರ್ಡ್‌ನ ಕೊಲೆಗಾಗಿ ಸೆರೆಮನೆ ಕಂಡವನೆಂದು ದಾಖಲೆಗಳಲ್ಲಿ ಸಿಗುವುದು ಒಬ್ಬನೇ: ಮನೆಯ ಕೆಲಸದವನಾಗಿದ್ದ ಹ್ಯೂ ಕೋಲ್ನ್. ಅವನ ಮೇಲೆ ಆರೋಪ ಹೊರಿಸಿ ನ್ಯೂಗೇಟ್ ಜೈಲಿಗೆ ಹಾಕಿದ್ದು 1342ರಲ್ಲಿ, ಕೊಲೆಯಾಗಿ ಐದು ವರ್ಷಗಳ ನಂತರ. ಎಲಾ 1354ರಲ್ಲಿ ರಾಬರ್ಟ್ ಸಾಯುವವರೆಗೂ ಅವನ ಹೆಂಡತಿಯಾಗಿಯೇ ಉಳಿದಳು, ಅವನ ಆಸ್ತಿಗೂ ಅವಳೇ ವಾರಸುದಾರಳಾದಳು.